ಎರಡು ಕಾಲಿನ ಲಂಗಾ

ನನ್ನ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ತಳಕಲ್ಲಿನಲ್ಲಿ ಮೈದುನನ ಮನೆಯಲ್ಲಿರುವ ಅವರನ್ನು ಕೊಪ್ಪಳದ ನಮ್ಮ ಮನೆಗೆ ಕರೆತಂದು, ದಿನಕ್ಕೆ ನಾಲ್ಕು ಸಲ ಹನಿ ಹಾಕಿ, ಹೇಳಿದಷ್ಟು ದಿನ ಕಳೆದ ಮೇಲೆ ಕಪ್ಪು ಕನ್ನಡಕ ತೆಗೆದೆವು. ಅರವತ್ತೆಂಟು ವರ್ಷದ ಅವರು ನಡುಮನೆಯಲ್ಲಿ ಕುಳಿತು ನಿಧಾನಕ್ಕೆ ಸುತ್ತಲೂ ನೋಡಿದರು. ಡಾಕ್ಟರಿಗೆ ಪುಣ್ಯ ಬರಲಿ ಅನ್ನುತ್ತಾರೇನೋ, ಮಗ ಸೊಸೆಗೆ ಒಳ್ಳೆಯದಾಗಲಿ ಅನ್ನುತ್ತಾರೇನೋ ಎಂದು ನಾನೂ ನನ್ನ ಗಂಡನೂ ಎದುರಿಗೆ ನಿಂತು ಕಾಯುತ್ತಿದ್ದೆವು.

"ನಿಮ್ಮ ಮನಿ ಗ್ವಾಡಿ ಇಷ್ಟು ಹೊಲಸ ಅದಾವೇನ?" ಅಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಯಾವುದೂ ಅವರ ಕಣ್ಣು ತಪ್ಪಿಸಿಕೊಳ್ಳಲಿಲ್ಲ. ಅಕ್ಕಿಯಲ್ಲಿನ ಹುಳು, ಫ್ಯಾನಿನ ಮೇಲಿನ ಧೂಳು, ನನ್ನ ತಲೆಯ ಬಿಳಿಕೂದಲು ಎಲ್ಲವೂ ಒಂದೇ ವಾರದಲ್ಲಿ ಬೆಳಕಿಗೆ ಬಂದವು. ಒಂದು ಸಂಜೆ ಟಿವಿಯಲ್ಲಿ ಕೇದಾರದ ಗುಡಿ ತೋರಿಸುತ್ತಿದ್ದರು. ಹಿಂದೆ ಬೆಟ್ಟ, ಬೆಟ್ಟದ ತುಂಬ ಹಿಮ.

"ತಮ್ಮಾ, ಟಿವಿ ಕೆಟ್ಟೈತಿ ನೋಡು. ಗುಡ್ಡದ ಬಣ್ಣ ಹೋಗೈತಿ" ಎಂದು ಮಗನನ್ನು ಕರೆದರು.

"ಕೆಟ್ಟಿಲ್ಲಬೇ. ಅದು ಹಿಮ. ಮ್ಯಾಲಿಂದ ಬೀಳತೈತಿ."

"ಅಷ್ಟು ಬೆಳ್ಳಗ ಏನೂ ಇರೂದಿಲ್ಲ ಬಿಡು. ಏನೋ ಹಚ್ಚ್ಯಾರ."

ಎರಡು ದಿನ ಇದೇ ವಾದ. ಫ್ರಿಜ್ಜಿನೊಳಗಿನ ಬರ್ಫವನ್ನು ಕೆರೆದು ತಟ್ಟೆಯಲ್ಲಿಟ್ಟು ತೋರಿಸಿದೆ. ಅದು ನಾಲ್ಕು ನಿಮಿಷದಲ್ಲಿ ನೀರಾಯಿತು. ಇಂಥದ್ದು ಇಡೀ ಗುಡ್ಡದ ಮೇಲೆ ಹೇಗೆ ನಿಂತೀತು ಎಂದು ಅವರ ಅನುಮಾನ ಇನ್ನೂ ಹೆಚ್ಚಾಯಿತು. ಮೂರನೆಯ ದಿನ ಚಹಾ ಕುಡಿಯುತ್ತ ತೀರ್ಮಾನ ಹೇಳಿದರು: "ಕಣ್ಣಂತೂ ಬಂದಾವ. ನಿಮ್ಮ ಗ್ವಾಡಿ ನೋಡಕೋತ ಕುಂದ್ರಾಕ ಬಂದಿಲ್ಲ. ಅದನ್ನ ಹೋಗಿ ನೋಡಬೇಕು."

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಬೇಸಿಗೆ ರಜೆ ಇತ್ತು. ನನ್ನ ಗಂಡ ಕುಷ್ಟಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಅವರಿಗೂ ರಜೆ ಸಿಕ್ಕಿತು. ಟಿಕೆಟ್ಟೂ ಆಯಿತು. ಸಿಗದೇ ಇದ್ದದ್ದು ಬಟ್ಟೆ ಮಾತ್ರ.

ಏಪ್ರಿಲ್ ತಿಂಗಳಲ್ಲಿ ಕೊಪ್ಪಳದ ಬಿಸಿಲು ಹೇಗಿರುತ್ತದೆಂದು ಅಲ್ಲಿದ್ದವರಿಗೆ ಹೇಳಬೇಕಿಲ್ಲ. ಮಧ್ಯಾಹ್ನ ಗಾಡಿಯ ಸೀಟಿನ ಮೇಲೆ ಕೈ ಇಟ್ಟರೆ ಕೈ ಸುಡುತ್ತದೆ. ಅಂಥ ಒಂದು ಮಧ್ಯಾಹ್ನ ಮೂವರೂ ಬಟ್ಟೆ ಅಂಗಡಿಗೆ ಹೋಗಿ ಸ್ವೆಟರ್ ಕೇಳಿದೆವು. ಅಂಗಡಿಯವರು ಕೈಯಲ್ಲಿದ್ದ ಬೀಸಣಿಕೆ ನಿಲ್ಲಿಸಿ ನಮ್ಮ ಮೂವರ ಮುಖವನ್ನೂ ನೋಡಿದರು.

"ಯಾರಿಗ್ರಿ ಜ್ವರ?" ಎಂದು ಮೆಲ್ಲಗೆ ಕೇಳಿದರು.

ಗಂಗಾವತಿಯಲ್ಲಿ ದೊಡ್ಡ ಅಂಗಡಿಗಳಿವೆ, ಅಲ್ಲಿ ನೋಡಿರಿ ಎಂದು ಅವರೇ ಕಳಿಸಿದರು. ಗಂಗಾವತಿಯ ಅಂಗಡಿಯವರು ದೀಪಾವಳಿ ಆದ ಮೇಲೆ ಬನ್ನಿ ಎಂದರು. ನಾನು ಬಿಡಲಿಲ್ಲ. ಕೊನೆಗೆ ಅವರು ಏಣಿ ಹಾಕಿ ಅಟ್ಟ ಹತ್ತಿ, ಧೂಳು ಹಿಡಿದ ಒಂದು ಗಂಟು ಇಳಿಸಿದರು. ಅದರಲ್ಲಿದ್ದ ಸ್ವೆಟರುಗಳೆಲ್ಲ ಒಂದು ವರ್ಷದ ಕೂಸಿನವು. ದೊಡ್ಡವರಿಗೆಂದು ಸಿಕ್ಕಿದ್ದು ಮೂರು ಮಂಕಿ ಟೋಪಿ. ಅಂಗಡಿಯ ಕನ್ನಡಿಯ ಮುಂದೆ ಅತ್ತೆ ಒಂದನ್ನು ಹಾಕಿಕೊಂಡು, ಕಣ್ಣಷ್ಟೇ ಕಾಣುವ ತಮ್ಮ ಮುಖವನ್ನು ಬಹಳ ಹೊತ್ತು ನೋಡಿದರು.

"ಕುಲಾವಿ ಇದು. ಹುಟ್ಟಿದಾಗ ಹಾಕಿದ್ರು, ಈಗ ಮತ್ತ ಹಾಕಾಕ ಹತ್ಯಾರ" ಅಂದರು.

ಬೂಟಿನದು ಬೇರೆಯೇ ಕಥೆ. ಅತ್ತೆ ಜೀವನದಲ್ಲಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟಿದವರಲ್ಲ. ಅವರ ಪಾದ ಬಹಳ ಸಣ್ಣದು. ಹೆಂಗಸರ ಬೂಟು ಯಾವುದೂ ಹೊಂದಲಿಲ್ಲ. ಅಂಗಡಿಯಾತ ಒಳಗೆ ಹೋಗಿ ಶಾಲೆಯ ಮಕ್ಕಳು ಹಾಕುವ ಬಿಳಿ ಕ್ಯಾನ್ವಾಸ್ ಬೂಟು ತಂದ. ಆರನೇ ತರಗತಿಯ ಅಳತೆ ಸರಿಯಾಗಿ ಕೂತಿತು. ಅತ್ತೆ ಎದ್ದು ನಿಂತು, ಅಂಗಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ, "ಸಾಲಿಗಿ ಕಳಸ್ಲಿಲ್ಲ ನಮ್ಮಪ್ಪ. ಬೂಟರ ಬಂದುವು" ಎಂದು ಕುಳಿತರು. ನಾನು ಲೇಸು ಕಟ್ಟುವ ನೆಪದಲ್ಲಿ ಬಗ್ಗಿಕೊಂಡೆ.

ಇನ್ನು ಉಳಿದದ್ದು ಮುಖ್ಯ ಸಮಸ್ಯೆ. ಅಷ್ಟು ಚಳಿಯಲ್ಲಿ ಸೀರೆ ಒಂದೇ ಸಾಲದು, ಒಳಗೆ ಬೆಚ್ಚನೆಯ ಪ್ಯಾಂಟು ಬೇಕೇ ಬೇಕು ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಅತ್ತೆ ಒಪ್ಪಲಿಲ್ಲ. ಪ್ಯಾಂಟು ಗಂಡಸರದು, ಅದನ್ನು ಹಾಕಿಕೊಂಡು ದೇವರ ಮುಂದೆ ಹೇಗೆ ನಿಲ್ಲುವುದು ಎಂದು ಅವರ ಪ್ರಶ್ನೆ. ನಾನು ಮೂರು ದಿನ ವಾದ ಮಾಡಿ ಸೋತು, ಅವರನ್ನು ನಮ್ಮ ದರ್ಜಿಯ ಹತ್ತಿರ ಕರೆದುಕೊಂಡು ಹೋದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಮಷೀನಿಟ್ಟುಕೊಂಡು ಹೊಲಿಯುವ ಸಾಬರು. ಇಪ್ಪತ್ತು ವರ್ಷದಿಂದ ನನ್ನ ಕುಪ್ಪಸ ಹೊಲಿದವರು, ನನಗಿಂತ ಹತ್ತು ವರ್ಷ ದೊಡ್ಡವರು.

ನಾನು ಪ್ಯಾಂಟು ಎಂದು ಬಾಯಿ ಬಿಡುವಷ್ಟರಲ್ಲಿ ಅವರು ಅತ್ತೆಯ ಮುಖ ನೋಡಿ ಎಲ್ಲ ತಿಳಿದುಕೊಂಡರು.

"ಪ್ಯಾಂಟ್ ಬ್ಯಾಡ್ರಿ ಅಕ್ಕಾರ. ಅವ್ವಾರ ವಯಸ್ಸಿಗೆ ಅದು ಶೋಭಾ ಅಲ್ಲ. ಲಂಗಾ ಹೊಲಿದು ಕೊಡತೀನಿ."

"ಹಂಗ ಹೇಳ್ರಿ ಸಾಬ್ರ" ಎಂದರು ಅತ್ತೆ.

"ಒಂದ ಮಾತು. ಗುಡ್ಡದಾಗ ಗಾಳಿ ಭಾಳ ಇರತೈತಿ. ಲಂಗಾದ ನಡುವ ಒಂದು ಹೊಲಿಗಿ ಹಾಕತೀನಿ, ಎರಡು ಕಾಲು ಬ್ಯಾರೆ ಬ್ಯಾರೆ ಆಗತಾವ. ಗಾಳಿ ಒಳಗ ಬರೂದಿಲ್ಲ."

ಅತ್ತೆ ಯೋಚಿಸಿದರು. "ಲಂಗಾನ ಅಲ್ಲಾ ಅದು?"

"ಲಂಗಾನ ರೀ ಅವ್ವಾರ. ಎರಡು ಕಾಲಿನ ಲಂಗಾ."

"ಹಂಗಾದ್ರ ಹೊಲಿರಿ."

ಬೆಚ್ಚನೆಯ ಬಟ್ಟೆ ಊರಲ್ಲಿ ಸಿಗದ ಕಾರಣ ಸಾಬರು ತಮ್ಮ ಮನೆಯಲ್ಲಿದ್ದ ಉಣ್ಣೆಯ ರಗ್ಗು ಕತ್ತರಿಸಿ ಅದನ್ನು ಹೊಲಿದರು. ಕೆಂಪು ಮತ್ತು ಕಪ್ಪು ಚೌಕಡಿಯ ರಗ್ಗು. ನಡುವಿಗೆ ಲಾಡಿ, ಕಾಲಿನ ತುದಿಗೂ ಲಾಡಿ. ಅವರು ಇಷ್ಟು ಜಾಣತನ ತೋರಿಸಿದರಲ್ಲ ಎಂದು ನನಗೂ ಹುಮ್ಮಸ್ಸು ಬಂದು, ನನಗೊಂದು ಕೋಟು ಹೊಲಿದುಕೊಡಿ, ಒಳಗೆ ಗಾದಿಯ ಹಾಗೆ ಹತ್ತಿ ತುಂಬಿರಿ ಎಂದೆ. ಅವರ ಭಾವಮೈದುನ ಗಾದಿ ಮಾಡುವವರು, ಹತ್ತಿಗೆ ಕೊರತೆ ಇರಲಿಲ್ಲ.

"ಅಕ್ಕಾರ, ಮಳಿ ಬಂದ್ರ? ಹತ್ತಿ ನೀರು ಕುಡೀತೈತ್ರಿ" ಎಂದು ಅವರು ಹೇಳಿದರು.

"ಅಲ್ಲಿ ಬೀಳೂದು ಹಿಮ ರೀ, ಮಳಿ ಅಲ್ಲ" ಎಂದು ನಾನು ವಿಜ್ಞಾನ ಹೇಳಿದೆ.

ನನ್ನ ಗಂಡ ಮಾತ್ರ ಯಾರನ್ನೂ ಕೇಳದೆ ಫೋನಿನಲ್ಲೇ ಒಂದು ರೇನ್‌ಕೋಟ್ ತರಿಸಿದರು. ಬಂದ ಮೇಲೆ ನೋಡಿದರೆ ಅಚ್ಚ ಕಿತ್ತಳೆ ಬಣ್ಣ. ಎದೆಗೂ ಬೆನ್ನಿಗೂ ಬೆಳಕು ಬಿದ್ದರೆ ಹೊಳೆಯುವ ಎರಡೆರಡು ಪಟ್ಟಿ. ಹೆದ್ದಾರಿ ಕೆಲಸದವರು ಹಾಕುವಂಥದ್ದು. ವಾಪಸು ಮಾಡಿರಿ ಎಂದೆ. ಕಳೆದುಹೋದರೆ ಹುಡುಕುವುದು ಸುಲಭ ಎಂದರು. ಅತ್ತೆ ಹೊರಡುವ ಹಿಂದಿನ ದಿನ ತಳಕಲ್ಲಿಗೆ ಹೋಗಿ ತಮ್ಮ ಹಳೆಯ ಕರಿ ಕಂಬಳಿಯನ್ನೂ, ಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೂ ಸುತ್ತಿಕೊಂಡು ಬಂದರು. ಆ ಕಂಬಳಿಯಲ್ಲಿ ಮೂವತ್ತು ವರ್ಷದ ಕುರಿವಾಸನೆ ಇತ್ತು. ಬಿಟ್ಟು ಬನ್ನಿ ಅನ್ನುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮೇ ತಿಂಗಳ ನಡುವಿಗೆ ಹೊರಟು, ಎರಡು ರೈಲು, ಎರಡು ಬಸ್ಸು ಬದಲಿಸಿ, ಬೆಟ್ಟ ಹತ್ತುವ ಜಾಗಕ್ಕೆ ಐದನೆಯ ದಿನ ಮುಟ್ಟಿದೆವು. ಬೆಳಗಾಗುತ್ತಲೇ ಹೊರಟೆವು. ಹತ್ತಲಾಗದವರನ್ನು ಹೇಸರಗತ್ತೆಗಳ ಮೇಲೆ ಕೂರಿಸಿ ಒಯ್ಯುತ್ತಿದ್ದರು. ಅತ್ತೆಯನ್ನೂ ಕೂರಿಸೋಣ ಎಂದು ಒಂದರ ಹತ್ತಿರ ಕರೆದುಕೊಂಡು ಹೋದೆವು. ಅವರು ಅದರ ಕಣ್ಣು, ಹಲ್ಲು, ಮೊಣಕಾಲು ಎಲ್ಲ ನೋಡಿದರು.

"ಇದು ನನಗಿಂತ ಮುದುಕಾಗೈತಿ. ನಾ ನಡೀತೀನಿ" ಅಂದರು.

ಹೊಲದಲ್ಲಿ ಬದುಕು ಕಳೆದ ಕಾಲು ಅವರವು. ನಾನು ಒಂದು ತಾಸಿಗೇ ಏದುಸಿರು ಬಿಡುತ್ತಿದ್ದರೆ ಅವರು ಕಚ್ಚೆ ಕಟ್ಟಿದ ಹಸಿರು ಇಳಕಲ್ ಸೀರೆಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದರು. ಸೀರೆಯ ಕೆಳಗೆ ಕೆಂಪು ಚೌಕಡಿಯ ಎರಡು ಕಾಲು, ಕೆಳಗೆ ಶಾಲೆಯ ಬೂಟು, ತಲೆಗೆ ಕುಲಾವಿ. ಎದುರಿಗೆ ಬಂದವರು ಎರಡು ಸಲ ತಿರುಗಿ ನೋಡುತ್ತಿದ್ದರು. ಒಬ್ಬ ತರುಣಿ ಬಂದು ಅವರ ಜೊತೆ ಫೋಟೊ ತೆಗೆಸಿಕೊಂಡು, ಆ ಪ್ಯಾಂಟು ಎಲ್ಲಿ ಸಿಗುತ್ತದೆ ಎಂದು ಹಿಂದಿಯಲ್ಲಿ ಕೇಳಿದಳು. ಅತ್ತೆಗೆ ಪ್ಯಾಂಟು ಅನ್ನುವ ಒಂದು ಶಬ್ದ ತಿಳಿಯಿತು. "ಲಂಗಾ" ಎಂದು ಗಂಭೀರವಾಗಿ ತಿದ್ದಿ ಮುಂದೆ ನಡೆದರು.

ಹತ್ತು ಗಂಟೆಯ ಹೊತ್ತಿಗೆ ಮಳೆ ಶುರುವಾಯಿತು. ಹಿಮವಲ್ಲ, ಮಳೆ.

ಅತ್ತೆ ನಿಂತಲ್ಲೇ ಕಂಬಳಿಯ ಮೂಲೆ ಒಳಗೆ ಮಡಚಿ ಕೊಪ್ಪಿ ಮಾಡಿ ತಲೆಗೆ ಹಾಕಿಕೊಂಡರು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ನಮ್ಮ ಕಡೆ ಕುರಿ ಕಾಯುವವರು ಹೀಗೇ ಮಾಡಿಕೊಂಡು ದಿನಗಟ್ಟಲೆ ಮಳೆಯಲ್ಲಿ ನಿಲ್ಲುತ್ತಾರೆ. ಬೂಟು ಬಿಚ್ಚಿ, ಕಾಲುಚೀಲದ ಮೇಲೆ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ ಕಟ್ಟಿ, ಮತ್ತೆ ಬೂಟು ಹಾಕಿಕೊಂಡರು. ನನಗೂ ಹಾಗೇ ಮಾಡಲು ಹೇಳಿದರು. ಕಾಲಿಗೇನೋ ಮಾಡಿಕೊಂಡೆ. ಮೈಮೇಲಿನ ಕೋಟಿಗೆ ಏನು ಮಾಡುವುದು?

ಆರನೇ ತರಗತಿಗೆ ಇಷ್ಟು ವರ್ಷ, ಹತ್ತಿಯ ಎಳೆ ನೀರು ಹೀರುತ್ತದೆ ಎಂದು ಬೋರ್ಡಿನ ಮೇಲೆ ಬರೆದವಳು ನಾನು. ಅದು ಎಷ್ಟು ಹೀರುತ್ತದೆ ಎಂದು ಆ ದಿನ ಗೊತ್ತಾಯಿತು. ಅರ್ಧ ತಾಸಿನಲ್ಲಿ ಕೋಟು ಉಬ್ಬಿತು. ಒಂದು ತಾಸಿನಲ್ಲಿ ಎರಡು ಭುಜದ ಮೇಲೆ ಯಾರೋ ಕುಳಿತ ಹಾಗಾಯಿತು. ಕೈ ಕೆಳಗೆ ಬಿಟ್ಟರೆ ತೋಳಿನ ತುದಿಯಿಂದ ನೀರು ಸುರಿಯುತ್ತಿತ್ತು, ಮೇಲೆತ್ತಿದರೆ ಕಂಕುಳಿಗೆ ಇಳಿಯುತ್ತಿತ್ತು. ಎರಡೂ ಬೇಡವೆಂದು ಕೈಗಳನ್ನು ಅಡ್ಡಕ್ಕೆ ಚಾಚಿಕೊಂಡು ನಡೆದೆ. ಹಿಂದಿನಿಂದ ಬಂದವರು ದಾಟಿ ಹೋಗಲು ಜಾಗ ಸಿಗದೆ ಗೊಣಗಿದರು.

ಗಂಡನನ್ನು ಕರೆಯೋಣವೆಂದರೆ ಅವರು ಹಿಂದೆ ಉಳಿದಿದ್ದರು. ಅಲ್ಲಿ ಆದದ್ದು ನನಗೆ ಆಮೇಲೆ ತಿಳಿಯಿತು. ಒಂದು ತಿರುವಿನಲ್ಲಿ ಒಬ್ಬ ಮುದುಕ ಅವರ ಕಿತ್ತಳೆ ಕೋಟು ನೋಡಿ, ಇಲ್ಲಿ ಕೂರಲು ಜಾಗ ಎಲ್ಲಿದೆ ಎಂದು ಕೇಳಿದ್ದ. ಇವರು ಸುಮ್ಮನೆ ಒಂದು ಕಡೆ ಕೈ ತೋರಿಸಿದ್ದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಅಷ್ಟರಲ್ಲಿ ತಿರುವಿನಲ್ಲಿ ಮೇಲಿನಿಂದ ಬಂದ ಹೇಸರಗತ್ತೆಗಳೂ ಕೆಳಗಿನಿಂದ ಹೋಗುವ ಜನರೂ ಸಿಕ್ಕಿಕೊಂಡರು. ಎಲ್ಲರೂ ಇವರ ಮುಖ ನೋಡಿದರು. ನನ್ನ ಗಂಡನಿಗೆ ಬರುವ ಹಿಂದಿ ಕೊಪ್ಪಳದ ಸಂತೆಯಲ್ಲಿ ಕಲಿತದ್ದು. ಕೈ ಎತ್ತಿ, "ಅರೇ ಭಾಯ್, ಉಧರ್ ನಕ್ಕೋ ಜಾವ್, ಇಧರ್‌ಸೇ ಜಾವ್" ಎಂದು ಕೂಗಿದರು. ಬೇಡ ಅನ್ನುವ ಅರ್ಥದ ನಮ್ಮ ಕಡೆಯ ಆ ನಕ್ಕೋ ಅಲ್ಲಿ ಎಷ್ಟು ಜನಕ್ಕೆ ತಿಳಿಯಿತೋ ಗೊತ್ತಿಲ್ಲ, ಜನ ಮಾತ್ರ ಕೇಳಿದರು. ಕಚೇರಿಯಲ್ಲಿ ಇಷ್ಟು ವರ್ಷ ಅವರ ಮಾತನ್ನು ಇಷ್ಟು ಮಂದಿ ಒಟ್ಟಿಗೆ ಕೇಳಿದ್ದಿಲ್ಲ. ನಿಜವಾದ ಸಮವಸ್ತ್ರದವನೊಬ್ಬ ಬಂದು, ಇವರನ್ನು ತನ್ನ ಕಡೆಯವರೇ ಅಂದುಕೊಂಡು, ಒಂದು ಸೀಟಿಯನ್ನು ಕೈಗೆ ಕೊಟ್ಟು ಚಹಾ ಕುಡಿಯಲು ಹೋದ. ಇವರು ಸೀಟಿ ಊದುತ್ತ ಅಲ್ಲೇ ನಿಂತರು.

ಇತ್ತ ಒಂದು ಚಹಾದ ಗೂಡಂಗಡಿ ಸಿಗುವ ಹೊತ್ತಿಗೆ ನನಗೆ ನಡುಕ ಹತ್ತಿತ್ತು. ಅತ್ತೆಗೆ ಏನೋ ಹೇಳಲು ಹೋದರೆ ಹಲ್ಲು ಕಟಕಟ ಎಂದು ಮಾತು ತುಂಡಾಗುತ್ತಿತ್ತು. ಬೆರಳುಗಳಲ್ಲಿ ಕಪ್ಪು ನಿಲ್ಲಲಿಲ್ಲ, ಚಹಾ ಚೆಲ್ಲಿತು. ನನಗೆ ಅಳು ಬಂತು. ಅತ್ತೆ ನನ್ನನ್ನು ಗೂಡಂಗಡಿಯ ಹಿಂದಿನ ಮರೆಗೆ ಎಳೆದುಕೊಂಡು ಹೋಗಿ, ಕೋಟಿನ ಗುಂಡಿ ಬಿಚ್ಚಿ, ಅದನ್ನು ನೆಲಕ್ಕೆ ಬಿಟ್ಟರು. ಅದು ಧೊಪ್ಪೆಂದು ಬಿತ್ತು. ತಮ್ಮ ಸೆರಗಿನಿಂದ ನನ್ನ ತಲೆ, ಕೊರಳು, ಕೈ ಒರೆಸಿ, ಚೀಲದಲ್ಲಿದ್ದ ಒಣ ಕುಪ್ಪಸ ಹಾಕಿಸಿ, ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಕಂಬಳಿಯೊಳಗೆ ಸೇರಿಸಿಕೊಂಡರು. ನನ್ನ ಎರಡೂ ಕೈ ಹಿಡಿದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು.

"ಸುಮ್ಮಕಿರು ಯವ್ವಾ. ಕುರಿಮರಿ ತೊಯ್ಸಿಕೊಂಡ್ರೂ ಹಿಂಗ ಮಾಡೂದು. ಸ್ವಲ್ಪ ಹೊತ್ತಿಗಿ ಎದ್ದು ಓಡತಾವ."

ಮದುವೆಯಾಗಿ ಇಪ್ಪತ್ತಮೂರು ವರ್ಷವಾಗಿತ್ತು. ಅವರು ನನ್ನನ್ನು ಹಾಗೆ ಅಪ್ಪಿ ಹಿಡಿದದ್ದು ಅದೇ ಮೊದಲು. ಕಂಬಳಿ ಕುರಿಯ ವಾಸನೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ದೂರ ಹೋದರು, ಒಂದು ದಪ್ಪ ಕೂದಲಿನ ಬೆಟ್ಟದ ನಾಯಿ ಮಾತ್ರ ಬಂದು ನಮ್ಮ ಕಾಲಿಗೆ ಒತ್ತಿಕೊಂಡು ಮಲಗಿತು. ನಾನು ಮೂಗನ್ನು ಆ ಕಂಬಳಿಯಲ್ಲೇ ಹುದುಗಿಸಿಕೊಂಡೆ. ನಡುಕ ನಿಧಾನಕ್ಕೆ ಇಳಿಯಿತು.

ಆಗ ನನ್ನ ಗಂಡ ಸೀಟಿ ಹಿಡಿದುಕೊಂಡು ಬಂದರು. ಮುಖದ ತುಂಬ ಸಂತೋಷ.

"ಬಿಟ್ಟು ಬರಾಕ ಆಗಲಿಲ್ಲಬೇ. ಹೇಸರಗತ್ತಿ ಎಲ್ಲಾ ಜಾಮ್ ಆಗಿದ್ದುವು" ಎಂದರು.

"ಹೆಂಡ್ತಿ ಇಲ್ಲಿ ಸೆಟದಾಳ, ನೀ ಕತ್ತಿ ಕಾಯಾಕ ನಿಂತಿ. ಬಿಚ್ಚು ಅದನ್ನ."

ಕಿತ್ತಳೆ ಕೋಟು ನನ್ನ ಮೈಮೇಲೆ ಬಂತು. ನನ್ನ ಗಂಡನಿಗೆ ಪ್ಲಾಸ್ಟಿಕ್ ಹಾಳೆ. ನನ್ನ ಹತ್ತಿಯ ಕೋಟನ್ನು ಅವರೂ ಚಹಾದ ಅಂಗಡಿಯಾತನೂ ಎರಡು ತುದಿ ಹಿಡಿದು ಹಿಂಡಿದರು. ಹಿಂಡಿದಷ್ಟೂ ನೀರು ಬಂತು. ಕೊನೆಗೆ ಅದನ್ನು ನಾಯಿಗೆ ಹಾಸಿಗೆ ಮಾಡಿಕೊಳ್ಳಿ ಎಂದು ಅಲ್ಲೇ ಬಿಟ್ಟೆವು.

ಅಲ್ಲಿಂದ ಮುಂದೆ ನನ್ನ ಗಂಡನ ಮಾತನ್ನು ಯಾರೂ ಕೇಳಲಿಲ್ಲ. ಒಂದು ಕಡೆ ಅಭ್ಯಾಸಬಲದಿಂದ ಕೈ ಎತ್ತಿದಾಗ ಒಬ್ಬ ಅವರನ್ನು ಪಕ್ಕಕ್ಕೆ ಸರಿಸಿ ಹೋದ. ಜನ ಬಂದು ನನ್ನನ್ನೇ ಕೇಳತೊಡಗಿದರು. ಇನ್ನೂ ಎಷ್ಟು ದೂರ, ಔಷಧ ಎಲ್ಲಿ ಸಿಗುತ್ತದೆ, ಶೌಚಾಲಯ ಎಲ್ಲಿ. ನನಗೆ ಏನೂ ಗೊತ್ತಿರಲಿಲ್ಲ. ಆದರೆ ಒಂದು ಇಕ್ಕಟ್ಟಿನಲ್ಲಿ ತಳ್ಳಾಟ ಶುರುವಾದಾಗ, ಶಾಲೆಯ ಪ್ರಾರ್ಥನೆಗೆ ನಿಲ್ಲಿಸುವ ದನಿಯಲ್ಲಿ "ಲೈನ್" ಎಂದೆ. ಎಲ್ಲರೂ ಸಾಲಾಗಿ ನಿಂತರು. ಗಂಡ ನನ್ನನ್ನು ನೋಡಿದ ನೋಟದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು.

ಮೂರು ಗಂಟೆ ದಾಟಿತ್ತು. ಮಳೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಮಳೆ ಬಿಟ್ಟಿತು ಅಂದುಕೊಂಡು ನಾನು ಟೋಪಿ ಹಿಂದೆ ಸರಿಸಿದೆ. ಆದರೆ ಗಾಳಿಯಲ್ಲಿ ಏನೋ ಇಳಿಯುತ್ತಲೇ ಇತ್ತು. ಅತ್ತೆ ನಡುದಾರಿಯಲ್ಲಿ ನಿಂತರು.

"ಇದ್ಯಾಕ ಸಪ್ಪಳ ಇಲ್ಲ?"

ಅವರ ಕರಿ ಕಂಬಳಿಯ ಮೇಲೆ ಬಿಳಿಯ ಚೂರುಗಳು ಒಂದೊಂದಾಗಿ ಬಂದು ಕೂರುತ್ತಿದ್ದವು. ಅಂಗೈ ಚಾಚಿ ಹಿಡಿದರು. ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ನಾಲಿಗೆಗೆ ಹಚ್ಚಿಕೊಂಡರು.

"ಸಪ್ಪಗೈತಿ" ಎಂದರು. ಅಂಗೈ ಸೆರಗಿಗೆ ಒರೆಸಿಕೊಂಡು, "ಮಳಿ ಬಂದ್ರ ಹೇಳಿ ಬರತೈತಿ. ಇದು ಕಳ್ಳರಂಗ ಬರತೈತಿ" ಎಂದರು.

ಸಂಜೆ ಮೇಲೆ ಮುಟ್ಟಿದಾಗ ಮಂಜು ಕವಿದು ಏನೂ ಕಾಣುತ್ತಿರಲಿಲ್ಲ. ಟೆಂಟಿನಲ್ಲಿ ಜಾಗ ಸಿಕ್ಕಿತು. ನಮ್ಮ ಕಂಬಳಿ ಒಳಗೆ ಬಂದ ಮೇಲೆ ಜಾಗ ಇನ್ನೂ ಹೆಚ್ಚು ಸಿಕ್ಕಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅತ್ತೆ ಎದ್ದು ಹೊರಗೆ ಹೋಗಿದ್ದರು. ನಾನು ಹಿಂದೆ ಹೋದೆ. ಮೋಡ ಹರಿದು, ಗುಡಿಯ ಹಿಂದೆ ಇಡೀ ಬೆಟ್ಟ ನಿಂತಿತ್ತು. ಮೇಲಿನ ಅಂಚಿಗೆ ಆಗಷ್ಟೇ ಬಿಸಿಲು ಬಿದ್ದಿತ್ತು. ಅತ್ತೆ ಕುಲಾವಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು. ನಾನು ಬಂದದ್ದು ತಿಳಿದರೂ ತಿರುಗಲಿಲ್ಲ.

"ಏನೂ ಹಚ್ಚಿಲ್ಲ" ಅಂದರು.

ಎಷ್ಟು ಹೊತ್ತು ನಿಂತಿದ್ದೆವೋ, ಚಳಿಗೆ ಕಾಲು ಜೋಮು ಹಿಡಿಯಿತು. ಆಮೇಲೆ ಸಾಲಿನಲ್ಲಿ ನಿಂತು ದರ್ಶನ ಮಾಡಿದೆವು. ಒಳಗೆ ನಿಲ್ಲಲು ಬಿಟ್ಟದ್ದು ನಾಲ್ಕೈದು ಉಸಿರಿನಷ್ಟು ಹೊತ್ತು. ಅತ್ತೆಗೆ ಅದರ ಬಗ್ಗೆ ದೂರಿರಲಿಲ್ಲ. ಇಳಿಯುವಾಗ ಬಿಸಿಲಿತ್ತು. ದಾರಿಯ ತುಂಬ ಕೆಸರು, ಲದ್ದಿ.

ಅಷ್ಟು ಮಳೆ, ಅಷ್ಟು ಹಿಮದಲ್ಲಿ ಒಂದು ಸೀನೂ ಸೀನದ ಅತ್ತೆ ಬರುವಾಗ ರೈಲಿನ ಎಸಿ ಡಬ್ಬಿಯಲ್ಲಿ ನೆಗಡಿ ತಂದುಕೊಂಡರು. ಹೋಗುವಾಗ ಸಾದಾ ಡಬ್ಬಿಯಲ್ಲಿ ತ್ರಾಸಾಯಿತೆಂದು ನನ್ನ ಗಂಡ ಬರುವಾಗ ಎಸಿ ಮಾಡಿಸಿದ್ದರು. ಕೊಪ್ಪಳದ ನಿಲ್ದಾಣದಲ್ಲಿ ಇಳಿದಾಗ ಮೈಗೆ ಬಿಸಿಗಾಳಿ ಹೊಡೆಯಿತು. ಅತ್ತೆ ಸೀನುತ್ತ, "ಹಿಮಕ್ಕ ಬೈಬ್ಯಾಡ್ರಿ, ಆ ಡಬ್ಬಿಗಿ ಬೈರಿ" ಎಂದರು. ಮೂರು ದಿನ ಶುಂಠಿ ಕಷಾಯ ಕುಡಿದು ಮಲಗಿದರು. ನಾಲ್ಕನೆಯ ದಿನ, ಮುಂಗಾರಿನ ಮೊದಲ ಮಳೆಯಾಗಿದೆ, ಹೆಸರು ಬಿತ್ತಬೇಕು ಎಂದು ತಳಕಲ್ಲಿನಿಂದ ಮೈದುನ ಫೋನು ಮಾಡಿದ. ಆಗಲೇ ಗಂಟು ಕಟ್ಟಿದರು.

ಬಸ್ಸಿನವರೆಗೆ ನಾನೇ ಹೋಗಿದ್ದೆ. ಕಿಟಕಿಯ ಪಕ್ಕ ಕೂರಿಸಿ, ನೀರಿನ ಬಾಟಲಿ ಕೊಟ್ಟು ಕೆಳಗಿಳಿದೆ. ಪಕ್ಕದ ಸೀಟಿನಲ್ಲಿ ಅವರ ವಯಸ್ಸಿನ ಇನ್ನೊಬ್ಬ ಹೆಂಗಸು ಸಂತೆಯ ಚೀಲ ಹಿಡಿದು ಕುಳಿತಿದ್ದರು. ಎಲ್ಲಿಂದ ಬಂದಿರಿ ಎಂದು ಅವರು ಕೇಳಿದ್ದು, ಕೇದಾರದಿಂದ ಎಂದು ಅತ್ತೆ ಹೇಳಿದ್ದು ನನಗೆ ಕೇಳಿಸಿತು. ಆ ಹೆಂಗಸು ಕೂಡಲೇ ಕೈ ಮುಗಿದು, "ಪುಣ್ಯವಂತ್ರವ್ವಾ ನೀವು. ಹೆಂಗಿತ್ತರಿ ಅಲ್ಲಿ?" ಎಂದರು.

"ಭಾಳ ಕೆಸರಿತ್ತು" ಎಂದರು ಅತ್ತೆ. "ಕುಂದರ್ರಿ, ಎಲ್ಲಾ ಹೇಳತೀನಿ." ಬಸ್ಸು ಹೊರಟಿತು.